ಬೆನ್ನ ಮೇಲೆ ನಡೆಯುವ ಹುಳು

ಮಂಡ್ಯದ ಕಡೆ ತೆಂಗಿನ ತೋಟ ಮಾಡಿದವರಿಗೆ ತಿಪ್ಪೆಯ ಗೊಣ್ಣೆ ಹುಳುವಿನ ಮೇಲೆ ಕನಿಕರ ಹುಟ್ಟುವುದು ಕಷ್ಟ. ಅದೇ ಬೆಳೆದು ಕೊಂಬಿನ ದುಂಬಿಯಾಗಿ ಸುಳಿ ಕೊರೆಯುತ್ತದೆ. ಆಮೇಲೆ ಬಿಚ್ಚಿಕೊಳ್ಳುವ ಗರಿ ಕತ್ತರಿ ಆಡಿಸಿದ ಹಾಗಿರುತ್ತದೆ. ಕಬ್ಬಿಣದ ಕೊಕ್ಕೆ ಹಿಡಿದು ಮರ ಹತ್ತಿ ದುಂಬಿ ಎಳೆಸುವ ಕೂಲಿ ಕೊಟ್ಟವನು ನಾನು. ಹಾಗಾಗಿ ಹೊಲಕ್ಕೆ ಗೊಬ್ಬರ ಹೊಡೆಯುವ ಮುಂಚೆ ತಿಪ್ಪೆ ಕೆದಕಿ, ಸಿಕ್ಕ ಹುಳುಗಳನ್ನೆಲ್ಲ ಕೋಳಿಗಳಿಗೆ ಎಸೆಯುತ್ತಿದ್ದೆ.

ಒಂದು ವರ್ಷ ಕಣದ ಗಟ್ಟಿ ನೆಲಕ್ಕೆ ಬಿದ್ದ ಕೆಲವು ಹುಳುಗಳು ಅಂಗಾತವಾಗಿ, ಕಾಲನ್ನು ಆಕಾಶಕ್ಕೆ ಮಾಡಿಕೊಂಡು, ಬೆನ್ನ ಮೇಲೆಯೇ ಸರಸರನೆ ಹೊರಟವು. ಕಡ್ಡಿಯಿಂದ ಬೋರಲು ಮಾಡಿದರೆ ಮತ್ತೆ ಮಗುಚಿಕೊಂಡವು. ಕೊಂಬಿನ ದುಂಬಿಯ ಮರಿ ಹೀಗೆ ಮಾಡುವುದಿಲ್ಲ. ಪಕ್ಕಕ್ಕೆ ಒರಗಿ ಸುರುಳಿಯಾಗಿ ಬಿದ್ದಿರುತ್ತದೆ. ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಇಟ್ಟು ಜಾಲಿ ಸೊಪ್ಪು ತಿನ್ನಿಸಿದ ಬಾಲ್ಯದ ಚಪಲ ಇನ್ನೂ ಹೋಗಿರಲಿಲ್ಲವೇನೋ, ಹನ್ನೆರಡು ಹುಳುಗಳನ್ನು ಹಳೆಯ ಪೇಂಟ್ ಡಬ್ಬಿಗೆ ಹಾಕಿದೆ.

ಎಲ್ಲವನ್ನೂ ನಾನೇ ಕೊಂದೆ. ಚೆನ್ನಾಗಿ ತಿನ್ನಲಿ ಎಂದು ಹಸಿ ಸಗಣಿ ತುಂಬಿದ್ದೆ. ಅದರ ಕಾವು ಏರಿ ಮೂರೇ ದಿನಕ್ಕೆ ಹುಳುಗಳು ಕಪ್ಪಾದವು. ಎರಡನೆಯ ಸಲ, ಬೇಲಿಯ ಮುದಿ ಹೊಂಗೆಯ ಪೊಟರೆಗೆ ಕೈ ಹಾಕಿ ಕಾಫಿ ಪುಡಿಯಂತಿದ್ದ ಮರದ ಹುಡಿಯನ್ನು ತೆಗೆದು, ಹಳೆಯ ಎಲೆಗೊಬ್ಬರದ ಜೊತೆ ಕಲಸಿದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ. ಮುಚ್ಚಳಕ್ಕೆ ಮೊಳೆಯಿಂದ ತೂತು. ಡಬ್ಬಿ ನೆರಳಿನಲ್ಲಿ. ಮೇಲೆ ಹಿಕ್ಕೆ ತುಂಬಿದರೆ ಜರಡಿ ಹಿಡಿದು ಹೊಸ ಹುಡಿ ಹಾಕುವುದು. ಬೇರೆ ಉಪಚಾರವಿಲ್ಲ.

ಈ ಹೊತ್ತಿನಲ್ಲೇ ಯುರೋಪಿನ ಸನ್ಯಾಸಿ ದುಂಬಿಯ ವಿಷಯ ಓದಿದ್ದು. ಆಸ್ಮೋಡರ್ಮಾ ಎರೆಮಿಟಾ ಎಂದು ಹೆಸರು. 'ಎರೆಮಿಟಾ' ಎಂದರೆ ಏಕಾಂತವಾಸಿ. ಮೂರು ಸೆಂಟಿಮೀಟರ್ ಉದ್ದದ ಕಂದುಗಪ್ಪು ಜೀವ. ಹಳೆಯ ಓಕ್ ಮರಗಳ ಪೊಟರೆಯ ಹುಡಿಯಲ್ಲೇ ಹುಟ್ಟಿ, ಹುಳುವಾಗಿ ಎರಡು ಮೂರು ವರ್ಷ ಕಳೆದು, ದುಂಬಿಯಾದ ಮೇಲೂ ಬಹುಪಾಲು ಆ ಮರ ಬಿಟ್ಟು ಹೋಗುವುದೇ ಇಲ್ಲವಂತೆ. ಗಂಡು ಪೀಚ್ ಹಣ್ಣಿನ ಪರಿಮಳ ಬೀರಿ ಹೆಣ್ಣನ್ನು ಕರೆಯುತ್ತದೆ. ಅದರ ಮರಿಗಳನ್ನು ತಿನ್ನುವ ಇನ್ನೊಂದು ದುಂಬಿಯೂ ಅದೇ ಪರಿಮಳದ ಜಾಡು ಹಿಡಿದು ಬರುತ್ತದೆ. ಎಂಥ ಸನ್ಯಾಸ! 1992ರ ಯುರೋಪಿನ ಕಾನೂನು ಇದಕ್ಕೆ ರಕ್ಷಣೆ ಕೊಟ್ಟಿದೆ. ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ರೈಲು ನಿಲ್ದಾಣಕ್ಕಾಗಿ ಮರ ಕಡಿಯಲು ಹೊರಟವರಿಗೆ ಈ ಹುಳು ಅಡ್ಡಿಯಾಯಿತು. ನಾನು ಕೈ ಹಾಕಿ ಬಾಚಿದ್ದ ಪೊಟರೆ ನೆನಪಾಗಿ ಸ್ವಲ್ಪ ಇರಿಸುಮುರಿಸಾಯಿತು.

ಕೆಲವು ವಾರಗಳ ಬಳಿಕ ಡಬ್ಬಿಯ ತಳದಲ್ಲಿ ನೆಲ್ಲಿಕಾಯಿ ಗಾತ್ರದ ಮಣ್ಣಿನ ಉಂಡೆಗಳು ಕಂಡವು. ಹುಳು ತನ್ನ ಸುತ್ತ ತಾನೇ ಕಟ್ಟಿಕೊಂಡ ಗೂಡು. ತಾಳ್ಮೆಗೆಟ್ಟು ಒಂದನ್ನು ಒಡೆದೆ. ಒಳಗಿದ್ದ ಹಳದಿ ಬಣ್ಣದ ಕೋಶ ಮಿಸುಕಾಡಿತು, ಎರಡು ದಿನದಲ್ಲಿ ಒಣಗಿತು. ಉಳಿದವನ್ನು ಮುಟ್ಟಲಿಲ್ಲ. ಮಳೆ ಹಿಡಿದ ಒಂದು ಬೆಳಗ್ಗೆ ಡಬ್ಬಿಯೊಳಗೆ ಪರಪರ ಸದ್ದು. ಮುಚ್ಚಳ ತೆಗೆದರೆ ಕೊಂಬಿಲ್ಲ, ಕಪ್ಪಿಲ್ಲ. ಹೊಳೆಯುವ ಹಸಿರು ಹೂದುಂಬಿಗಳು. ಬಾಳೆಹಣ್ಣಿನ ಚೂರಿಗೆ ಮುತ್ತಿಕೊಂಡವು. ಹಾರುವಾಗ ಮೇಲಿನ ಗಟ್ಟಿ ರೆಕ್ಕೆಯನ್ನು ಬಿಚ್ಚುವುದೇ ಇಲ್ಲ, ಪಕ್ಕದ ಸಂದಿಯಿಂದ ಒಳರೆಕ್ಕೆ ಚಾಚಿ ಹೊರಟುಬಿಡುತ್ತವೆ. ಇವು ಸುಳಿ ಕೊರೆಯುವ ಜಾತಿಯಲ್ಲ. ಹೂವು, ಹಣ್ಣು ಮೇಯುತ್ತವೆ. ಗುಲಾಬಿ ಬೆಳೆದವರು ನನ್ನ ಸಂಭ್ರಮವನ್ನು ಒಪ್ಪಲಿಕ್ಕಿಲ್ಲ.

ಈಗ ತಿಪ್ಪೆ ಕೆದಕಿದಾಗ ಹುಳುಗಳನ್ನು ಮೊದಲು ಅಗಲವಾದ ತಟ್ಟೆಗೆ ಸುರಿಯುತ್ತೇನೆ. ಬೆನ್ನ ಮೇಲೆ ನಡೆದವು ಗೊಬ್ಬರಕ್ಕೆ ವಾಪಸ್ಸು, ಒರಗಿ ಬಿದ್ದವು ಕೋಳಿಗೆ. ಜಪಾನಿನಲ್ಲಿ ಮಕ್ಕಳು ಕೊಂಬಿನ ದುಂಬಿಗಳನ್ನು ಅಂಗಡಿಯಿಂದ ಕೊಂಡು ಸಾಕುತ್ತಾರಂತೆ. ನನ್ನ ತೋಟಕ್ಕೆ ಬಂದರೆ ಬಿಟ್ಟಿ ಕೊಟ್ಟು ಕಳಿಸುತ್ತೇನೆ.

ಮೊನ್ನೆ ಸೌದೆಯವನು ಬಂದು ಬೇಲಿಯ ಹೊಂಗೆಗೆ ಬೆಲೆ ಕೇಳಿದ. ಕೊಡುವುದಿಲ್ಲ ಎಂದೆ. ಅವನು ಪೊಟರೆಯಲ್ಲಿ ಇಣುಕಿ, "ಬಿಡಿ ಅಣ್ಣ, ಒಳಗೆಲ್ಲ ಹುಳ ತಿಂದು ಟೊಳ್ಳಾಗಿದೆ" ಎಂದು ಸೈಕಲ್ ಹತ್ತಿದ.