ಕೊರಿಯನ್ ಮಾತಿನ ‘ಜೊಮ್’ ನನ್ನ ಬಾಯಿಗೆ ಹತ್ತಿದ್ದು ಹೀಗೆ

ಕೊರಿಯನ್ ಕಲಿಯೋಕೆ ಹೊರಟ ಕನ್ನಡದವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ‘ಜೊಮ್’ ಬಗ್ಗೆ. ‘ಜೊಗುಮ್’ ಅಂದರೆ ಸ್ವಲ್ಪ. ಅದು ಮೊಟಕಾಗಿ ‘ಜೊಮ್’ ಆಗಿದೆ. ನನ್ನ ಪಠ್ಯಪುಸ್ತಕ ಇಷ್ಟು ಹೇಳಿ ಮುಂದೆ ಹೋಗಿತ್ತು. ಕೊರಿಯನ್ ಭಾಷಾ ಪರೀಕ್ಷೆಯಾದ ಟೋಪಿಕ್‌ನ ಮೊದಲ ಹಂತದಲ್ಲಿ ಕೇಳಿ ಉತ್ತರಿಸೋಕೆ 30 ಪ್ರಶ್ನೆ, ಓದಿ ಉತ್ತರಿಸೋಕೆ 40. ಮಾತಾಡುವ ಭಾಗವೇ ಇಲ್ಲ. ಹಾಗಾಗಿ ಈ ಪದ ನನಗೆ ನಿಜವಾಗಿ ಸಿಕ್ಕಿದ್ದು ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿ ಕೆಲಸಕ್ಕೆ ಸೇರಿ, ಮಧ್ಯಾಹ್ನದ ಊಟಕ್ಕೆ ಹೋಟೆಲಿಗೆ ಹೋಗೋಕೆ ಶುರು ಮಾಡಿದ ಮೇಲೆ.

ಪಕ್ಕದ ಟೇಬಲ್ಲಿನವರು ‘ಮುಲ್ ಜೊಮ್ ಜುಸೆಯೊ’ ಅನ್ನುತ್ತಿದ್ದರು. ಮುಲ್ ಅಂದರೆ ನೀರು, ಜುಸೆಯೊ ಅಂದರೆ ಕೊಡಿ. ಬರುತ್ತಿದ್ದದ್ದು ಮಾತ್ರ ತುಂಬಿದ ಬಾಟಲಿ! ನಾವು ‘ಸ್ವಲ್ಪ ಪೆನ್ ಕೊಡ್ತೀರಾ’ ಅಂತೀವಲ್ಲ, ಅದೇ ಇದು. ಪೆನ್ನಿನಲ್ಲಿ ಸ್ವಲ್ಪ, ಜಾಸ್ತಿ ಅಂತ ಇರುತ್ತಾ? ಕೇಳುವ ದನಿ ಮೆತ್ತಗಾಗಲಿ ಅಂತ ಹಾಕೋದು. ಕನ್ನಡದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜಾಗ ಮಾತ್ರ ಬೇರೆ. ನಮ್ಮಲ್ಲಿ ‘ಸ್ವಲ್ಪ ನೀರು ಕೊಡಿ’, ಅವರಲ್ಲಿ ‘ನೀರು ಸ್ವಲ್ಪ ಕೊಡಿ’. ‘ನೀರನ್ನು’ ಅನ್ನುವಾಗ ನಾವು ಹಚ್ಚುವ ‘ಅನ್ನು’ ಥರದ ಪ್ರತ್ಯಯ ಅವರಲ್ಲೂ ಇದೆ. ‘ಜೊಮ್’ ಬಂದರೆ ಸಾಮಾನ್ಯವಾಗಿ ಅದು ಬಿದ್ದುಹೋಗುತ್ತದೆ. ಕಲಿಯುವವರಿಗೆ ಒಂದು ತಲೆನೋವು ಕಡಿಮೆ.

ನಾನು ವ್ಯಾಕರಣ ಬಿಟ್ಟು ಇಡೀ ವಾಕ್ಯಗಳನ್ನೇ ಹಿಡಿದೆ. ನೀರಿನದ್ದು ಒಂದು. ಊಟದ ಜೊತೆ ಬರುವ ಪಲ್ಯ, ಕಿಮ್ಚಿ ಮತ್ತೆ ಬೇಕಾದರೆ ‘ಬನ್‌ಚನ್ ಜೊಮ್ ದೊ ಜುಸೆಯೊ’. ಆಫೀಸಿನಲ್ಲಿ ‘ಇಗೊ ಜೊಮ್ ಬ್ವಾ ಜುಸೆಯೊ’, ಅಂದರೆ ಇದನ್ನ ಸ್ವಲ್ಪ ನೋಡಿ. ಬಸ್ಸಿಗೆ ಕಾಯುವಾಗ ಒಂದನ್ನು ಬಾಯಲ್ಲೇ ಗುನುಗೋದು, ಅವತ್ತೇ ಯಾರ ಹತ್ತಿರವಾದರೂ ಬಳಸೋದು. ನಾಲಿಗೆ ತಿರುಗಿದ ಮೇಲೆ ನೀರಿನ ಜಾಗದಲ್ಲಿ ಬೇರೆ ವಸ್ತು ಹಾಕುತ್ತಾ ಹೋದೆ. ಉಚ್ಚಾರಣೆಯಲ್ಲಿ ಒಂದು ಎಚ್ಚರ: ಕೊನೆಗೆ ಉಕಾರ ಸೇರಿಸೋದು ನಮ್ಮ ನಾಲಿಗೆಗೆ ರೂಢಿ. ‘ಜೊಮು’ ಅನ್ನಬಾರದು. ‘ಮ್’ಗೆ ತುಟಿ ಮುಚ್ಚಿ, ನೇರವಾಗಿ ‘ಜುಸೆಯೊ’ಗೆ ಹೋಗಬೇಕು.

ನಿಜವಾಗಲೂ ಕಡಿಮೆ ಬೇಕಿದ್ದರೆ ‘ಜೊಗುಮ್‌ಮನ್’ ಅನ್ನಿ. ‘ಬಪ್ ಜೊಗುಮ್‌ಮನ್ ಜುಸೆಯೊ’ ಅಂದರೆ ಅನ್ನ ಸ್ವಲ್ಪ ಸಾಕು ಅಂತ.

ಪಾಲ್ದಾಲ್ಮುನ್ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿಗೆ ‘ಜೊಮ್ ಕ್ಕಕ್ಕಾ ಜುಸೆಯೊ’, ಸ್ವಲ್ಪ ಕಡಿಮೆ ಮಾಡಿ ಅಂದೆ. ಅಜ್ಜಿ ರೇಟು ಇಳಿಸಲಿಲ್ಲ. ಇನ್ನೊಂದು ಹಿಡಿ ಪಾಲಕ್ ಚೀಲಕ್ಕೆ ತುರುಕಿದರು. ಅದಕ್ಕೆ ಅಲ್ಲಿ ‘ದೊಮ್’ ಅಂತಾರೆ. ನಮ್ಮ ಕೊಸರು! ನನಗೆ ಆದ ಖುಷಿ ಹೇಳತೀರದು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅರ್ಧಕ್ಕೆ ನಿಲ್ಲುವ ‘ಜೊಮ್’. ಮೀಟಿಂಗ್ ಶುಕ್ರವಾರಕ್ಕೆ ಹಾಕೋಣವಾ ಅಂತ ಕೇಳಿದರೆ ‘ಗುಮ್ಯೊಇರುನ್ ಜೊಮ್...’ ಅಂತ ಎಳೆದು ಸುಮ್ಮನಾಗುತ್ತಾರೆ. ಶುಕ್ರವಾರ ಸ್ವಲ್ಪ... ಅಷ್ಟೇ. ಮುಂದಿನ ಮಾತಿಗೆ ಕಾಯಬೇಡಿ, ಅದು ‘ಆಗಲ್ಲ’ ಅಂತಲೇ ಅರ್ಥ. ಈಗ ನಾನೂ ಆಫೀಸಿನವರು ಸಂಜೆ ಊಟಕ್ಕೆ ಕರೆದಾಗ ‘ಒನುರುನ್ ಜೊಮ್...’, ಇವತ್ತು ಸ್ವಲ್ಪ... ಅಂತ ನಿಲ್ಲಿಸುತ್ತೇನೆ. ಕಾರಣ ಕೇಳಿದವರಿಲ್ಲ.

ದನಿ ಮಾತ್ರ ನೋಡಿಕೊಳ್ಳಬೇಕು. ಗಲಾಟೆ ಮಾಡುವ ಮಗುವಿಗೆ ಅಮ್ಮ ‘ಜೊಯೊಂಗಿ ಜೊಮ್ ಹೆ!’ ಅಂದರೆ ಅದು ನಮ್ಮ ‘ಸ್ವಲ್ಪ ಸುಮ್ನಿರ್ತೀಯಾ’. ಸಿಟ್ಟು ಜಾಸ್ತಿಯಾದಷ್ಟೂ ಅದು ‘ಚ್ಚೊಮ್’ ಅಂತ ಬಿಗಿಯಾಗುತ್ತದೆ. ‘ಪ್ಪಲ್ಲಿ ಜೊಮ್’, ಬೇಗ ಸ್ವಲ್ಪ ಅಂದರೂ ಅವಸರಪಡಿಸಿದ ಹಾಗೆ ಕೇಳುತ್ತದೆ. ಹಿರಿಯರ ಹತ್ತಿರ, ಮೇಲಧಿಕಾರಿ ಹತ್ತಿರ ನಾನು ‘ಜುಸೆಯೊ’ ಬದಲು ‘ಜುಶಿಗೆಸ್ಸೊಯೊ’, ಕೊಡ್ತೀರಾ ಅಂತ ಮುಗಿಸುತ್ತೇನೆ.