ಲೈ ಯಾವುದು, ಲೇ ಯಾವುದು: ನಾನು ಬಿಡಿಸಿಕೊಂಡ ಬಗೆ

ಅನುವಾದ ನನ್ನ ಕೆಲಸ. ಇಂಗ್ಲಿಷಿನಲ್ಲಿ ಬರೆಯುವಾಗ ‘ಲೈ’ (lie), ‘ಲೇ’ (lay) ಎಂಬ ಕ್ರಿಯಾಪದಗಳು ಎದುರಾದರೆ ವ್ಯಾಕರಣ ಪುಸ್ತಕ ತೆರೆಯುತ್ತಿದ್ದೆ. ಒಂದು ಅಕರ್ಮಕ, ಇನ್ನೊಂದು ಸಕರ್ಮಕ ಅಂತ ಒಂದು ಸಾಲು, ಕೆಳಗೊಂದು ಪಟ್ಟಿ. ಓದಿದರೆ ಅರ್ಥವಾಗುತ್ತಿತ್ತು, ಮರುವಾರ ಮತ್ತೆ ಅದೇ ಪುಟ. ಕಡೆಗೆ ಕೈಗೆ ಬಂದದ್ದು ನಮ್ಮದೇ ‘ಇಸು’ ಪ್ರತ್ಯಯ.

ನಾವು ಮಲಗುತ್ತೇವೆ, ಮಗುವನ್ನು ಮಲಗಿಸುತ್ತೇವೆ. ಮಲಗುವುದು ಲೈ, ಮಲಗಿಸುವುದು ಲೇ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಹೀಗೇ ಪ್ರತ್ಯಯ ಹಚ್ಚಿ ಪ್ರೇರಣಾರ್ಥಕ ಕ್ರಿಯಾಪದ ಮಾಡುತ್ತಿದ್ದರು. ಪ್ರತ್ಯಯ ಸವೆದುಹೋಗಿ, ಸ್ವರ ಬದಲಾದ ಜೋಡಿಗಳು ಮಾತ್ರ ಉಳಿದುಕೊಂಡವು. ಸಿಟ್ ಅಂದರೆ ಕೂರು, ಸೆಟ್ ಮೂಲದಲ್ಲಿ ಕೂರಿಸು. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಮರ ಉರುಳಿಸು. ಇದು ತಿಳಿದ ಮೇಲೆ ಪಟ್ಟಿ ಬಾಯಿಪಾಠ ಮಾಡುವ ಗೊಡವೆ ತಪ್ಪಿತು.

ವಸ್ತುಗಳ ವಿಷಯಕ್ಕೆ ಬಂದರೆ ‘ಇಸು’ ಅಷ್ಟಾಗಿ ಒದಗುವುದಿಲ್ಲ. ಪುಸ್ತಕವನ್ನು ನಾವು ಮೇಜಿನ ಮೇಲೆ ಮಲಗಿಸುತ್ತೇವೆಯೇ? ಇಡುತ್ತೇವೆ. ಅಲ್ಲಿ ‘ಏನನ್ನು?’ ಅಂತ ಕೇಳಿಕೊಳ್ಳುತ್ತೇನೆ. ಉತ್ತರ ಸಿಕ್ಕರೆ ಲೇ, ಸಿಗದಿದ್ದರೆ ಲೈ. ಕೋಳಿ ಏನನ್ನು ಇಡುತ್ತದೆ? ಮೊಟ್ಟೆಯನ್ನು. ಹಾಗಾಗಿ ಲೇ.

ನಿಜವಾದ ತಲೆನೋವು ಭೂತಕಾಲದಲ್ಲಿದೆ. ಲೈ ಪದದ ಭೂತರೂಪವೂ ‘ಲೇ’! ಲೈ, ಲೇ, ಲೇಯ್ನ್ ಒಂದು ಸಾಲು; ಲೇ, ಲೇಯ್ಡ್, ಲೇಯ್ಡ್ ಇನ್ನೊಂದು. ‘ಶಿ ಲೇ ಆನ್ ದ ಫ್ಲೋರ್’ ಅಂತ ಇದ್ದರೆ ಏನು ಮಾಡಬೇಕು? ನಾನು ಕ್ರಿಯಾಪದದ ಬಾಲ ನೋಡುತ್ತೇನೆ. ಇದು ವರ್ತಮಾನದ ಲೇ ಆಗಿದ್ದರೆ ‘ಶಿ’ ಜೊತೆಗೆ ‘ಲೇಸ್’ ಅಂತ ಬರಬೇಕಿತ್ತು. ಬಾಲ ಇಲ್ಲ, ಏನನ್ನು ಅಂದರೆ ಉತ್ತರವೂ ಇಲ್ಲ. ಅಂದರೆ ಅವಳು ನೆಲದ ಮೇಲೆ ಮಲಗಿದ್ದಳು. ಮಗುವನ್ನು ಮಲಗಿಸಿದ್ದರೆ ‘ಶಿ ಲೇಯ್ಡ್ ದ ಬೇಬಿ’ ಆಗುತ್ತಿತ್ತು. ಕರ್ತೃ ‘ದೇ’ ಆದಾಗ ಬಾಲದ ಸುಳಿವು ಸಿಗುವುದಿಲ್ಲ, ಕರ್ಮವನ್ನೂ ಹಿಂದುಮುಂದಿನ ವಾಕ್ಯಗಳನ್ನೂ ನೋಡಿಯೇ ತೀರ್ಮಾನಿಸಬೇಕು. ಸುಳ್ಳು ಹೇಳುವ ಲೈ ಬೇರೆಯೇ ಪದ. ಅದು ಲೈಡ್ ಆಗುತ್ತದೆ, ತಂಟೆಯಿಲ್ಲ.

ಇಂಗ್ಲಿಷ್ ಮನೆಮಾತಿನವರೇ ‘ಐ ಆಮ್ ಗೋಯಿಂಗ್ ಟು ಲೇ ಡೌನ್’ ಅನ್ನುವುದು ಸಾಮಾನ್ಯ. ಆಡುಮಾತಿನಲ್ಲಿ ಅದನ್ನು ನಾನು ತಿದ್ದಲು ಹೋಗುವುದಿಲ್ಲ; ಅಚ್ಚಿಗೆ ಹೋಗುವ ಬರಹದಲ್ಲಿ ಮಾತ್ರ ಬಿಡುವುದಿಲ್ಲ.

ರೈಝ್, ರೇಝ್ ಜೋಡಿಗೂ ಇದೇ ಉಪಾಯ: ಬೆಲೆ ಏರಿತು ಅಂದರೆ ರೋಸ್, ಏರಿಸಿದರು ಅಂದರೆ ರೇಝ್ಡ್. ಸಂಬಳದ ಹೆಚ್ಚಳ ಅನ್ನುವ ನಾಮಪದವಾದಾಗ ಮಾತ್ರ ಈ ಲೆಕ್ಕ ನಡೆಯದು. ಅದನ್ನು ಬ್ರಿಟನ್ನಿನವರು ರೈಝ್ ಅನ್ನುತ್ತಾರೆ, ಅಮೆರಿಕದವರು ರೇಝ್ ಅನ್ನುತ್ತಾರೆ. ಹಾಗಾಗಿ ಅನುವಾದ ಯಾವ ದೇಶದ ಓದುಗರಿಗೆ ಅಂತ ಮೊದಲೇ ಕೇಳಿಕೊಂಡುಬಿಡುತ್ತೇನೆ.