ಬಾಸ್ಟನ್‌ಗೆ ಹೋದರೆ ಮಕ್ಕಳಿಗೆ ಮೊದಲು ತೆಂಗಿನ ಚಿಪ್ಪು ತೋರಿಸಿ

ಬಾಸ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ಹೆಸರಿನ ಅಧ್ಯಕ್ಷೀಯ ಗ್ರಂಥಾಲಯ ಇದೆ. ಗ್ರಂಥಾಲಯ ಅಂದಕೂಡಲೇ ಮಕ್ಕಳು ಕಥೆಪುಸ್ತಕ ಹುಡುಕುತ್ತವೆ. ಅಲ್ಲಿರೋದು ಅಧ್ಯಕ್ಷರ ಕಾಗದಪತ್ರ, ಫೋಟೊ, ಧ್ವನಿಮುದ್ರಣ. ಅದಕ್ಕೇ ಶುರುವನ್ನು ಅಲ್ಲಿಟ್ಟಿರುವ ತೆಂಗಿನ ಚಿಪ್ಪಿನಿಂದ ಮಾಡಿ. ಹೌದು, ನಮ್ಮ ಅಡುಗೆಮನೆಯಲ್ಲಿ ಇರುವಂಥದ್ದೇ! ಎರಡನೇ ಮಹಾಯುದ್ಧದ ಹೊತ್ತಿಗೆ ಕೆನಡಿ ನೌಕಾಪಡೆಯಲ್ಲಿದ್ದರು. 1943ರಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಬಳಿ ಜಪಾನಿನ ಯುದ್ಧನೌಕೆ ಗುದ್ದಿ ಅವರ ದೋಣಿ ಮುಳುಗಿತು. ಅವರು ಚಿಪ್ಪಿನ ಮೇಲೆ ಸಂದೇಶ ಕೆತ್ತಿ ದ್ವೀಪದವರ ಕೈಲಿ ಕಳಿಸಿದರು, ಸಹಾಯ ಬಂತು. ಮುಂದೆ ಅಧ್ಯಕ್ಷರಾದಾಗ ಅದನ್ನೇ ಮೇಜಿನ ಮೇಲೆ ಪೇಪರ್‌ವೇಟ್ ಮಾಡಿಕೊಂಡಿದ್ದರು. “ಇಂಥದ್ದನ್ನೆಲ್ಲ ಎಸೆಯದೆ ಜೋಪಾನ ಮಾಡೋ ಜಾಗವೇ ಪತ್ರಾಗಾರ” ಅನ್ನಿ, ಮಕ್ಕಳಿಗೆ ಥಟ್ಟನೆ ಹೊಳೆಯುತ್ತೆ. ಮೂಲ ಕಡತ ಓದುವ ಕೋಣೆಯಲ್ಲಿ ಪೆನ್ನಿಗೆ ಪ್ರವೇಶವಿಲ್ಲ, ಪೆನ್ಸಿಲ್ ಮಾತ್ರ. ಇದೂ ಅವಕ್ಕೆ ಮಜಾ. ಊರಲ್ಲೇ ಇರುವವರು ಗ್ರಂಥಾಲಯದ ಜಾಲತಾಣದಲ್ಲಿ ಎಷ್ಟೋ ಕಡತಗಳನ್ನು ಪುಕ್ಕಟೆಯಾಗಿ ನೋಡಬಹುದು.